ಅಕ್ಕಿ ಪೆಟ್ಟಿಗೆಯಲ್ಲಿ ದುರ್ಗ

ಹೆಬಳೆಯ ಮಾಸ್ತಿಗೆ ಬಾರದ ವಿದ್ಯೆ ಒಂದೇ, ಇಲ್ಲ ಎನ್ನುವುದು. ಮೈಕ್ ಸೆಟ್ ಬಾಡಿಗೆಗೆ ಕೊಡುವ ಕಸುಬಿನಲ್ಲಿ ಇದು ಸಣ್ಣ ದೋಷವಲ್ಲ. ಒಂದೇ ದಿನ ಒಂದೇ ಹೊತ್ತಿಗೆ ಶಿರಾಲಿಯ ಮದುವೆಗೂ ಮುರ್ಡೇಶ್ವರದ ನಾಮಕರಣಕ್ಕೂ ಆತು ಎಂದುಬಿಟ್ಟು, ಮದುವೆಗೆ ಆಂಪ್ಲಿಫೈಯರ್ ಕಳಿಸಿ, ನಾಮಕರಣಕ್ಕೆ ಬರೀ ಹಾರ್ನ್ ಕಳಿಸಿದ ಮನುಷ್ಯ ಅವನು. ಹಾರ್ನನ್ನು ತೊಟ್ಟಿಲ ಮೇಲೆ ಕಟ್ಟಿ, ಅದರ ಬಾಯಿಗೆ ಹೂವಿನ ಮಾಲೆ ಹಾಕಿ, ಅವರು ಹೇಗೋ ಶಾಸ್ತ್ರ ಮುಗಿಸಿಕೊಂಡರಂತೆ. ಅವನ ಆಸ್ತಿ ಎಂದರೆ ಒಂದು ಆಂಪ್ಲಿಫೈಯರ್, ಎರಡು ಹಾರ್ನ್, ಒಂದು ಟೇಪ್ ರೆಕಾರ್ಡರ್, ಮತ್ತು ಬಲಗೈ ಹೆಬ್ಬೆಟ್ಟಿನ ಮೇಲೆ ಬೆಸುಗೆ ಕಡ್ಡಿ ತಾಗಿ ತಾಗಿ ಆದ ದಪ್ಪ ಗಂಟು.

ಅವನ ಅಬ್ಬೆ ಹೊನ್ನಮ್ಮನಿಗೆ ಕಿವಿ ಹೋಗಿ ಐದು ವರ್ಷ, ಕಣ್ಣಿಗೆ ಪೊರೆ ಬಂದು ಮೂರು ವರ್ಷ. ಮನೆಗೂ ಮುದುಕಿಗೂ ನಡುವೆ ಉಳಿದ ದಾರಿ ಅವಳ ಅಂಗೈ ಮಾತ್ರ. ಅವಳು ಕೇಳುತ್ತಾಳೆ, ಅಂಗೈಯನ್ನು ಒಮ್ಮೆ ಅದುಮಿದರೆ ಹೌದು, ಎರಡು ಸಲ ಅದುಮಿದರೆ ಇಲ್ಲ. ಈ ಕಾಯಿದೆ ಮಾಡಿದವಳು ಮಾಸ್ತಿಯ ಹೆಂಡತಿ ಮಂಜಿ. ಅವಳು ಎರಡನ್ನೂ ನ್ಯಾಯವಾಗಿ ಬಳಸುತ್ತಿದ್ದಳು. ಮಾಸ್ತಿಯದು ಮಾತ್ರ ಯಾವಾಗಲೂ ಒಮ್ಮೆ. ‘ಇವತ್ತು ಏಕಾದಶಿಯನಾ?’ ಒಮ್ಮೆ. ‘ನಾ ಮಿಂದು ಆತನಾ?’ ಒಮ್ಮೆ. ಹೀಗೆ ಮುದುಕಿ ತಿಂಗಳಿಗೆ ನಾಲ್ಕು ಏಕಾದಶಿ ಮಾಡಿ ಸೊರಗಿದಳು ಎಂಬುದು ಮಂಜಿಯ ದೂರು.

ಎಂಬತ್ತಾರನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಭಟ್ಕಳದ ಡಾಕ್ಟರು ಹೊನ್ನಮ್ಮನ ನಾಡಿ ಹಿಡಿದು, ಕೈಬಿಟ್ಟು, ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದರು: “ಎಂಟು ದಿನ. ಯಾರಿಗಾದರೂ ಹೇಳಿಕಳಿಸುವುದಿದ್ದರೆ ಈಗಲೇ ಕಳಿಸಿ.”

ಹೇಳಿಕಳಿಸಬೇಕಾದವನು ಒಬ್ಬನೇ, ದೊಡ್ಡ ಮಗ ದುರ್ಗ. ಶಾರ್ಜಾ ಬಂದರಿನ ಟಗ್ ಬೋಟಿನಲ್ಲಿ ಒಂಬತ್ತು ವರ್ಷದಿಂದ ಇದ್ದ. ಅವನ ಪಾಸ್‌ಪೋರ್ಟ್ ಮಾಲೀಕನ ಕಪಾಟಿನಲ್ಲಿತ್ತು. ಕಪಾಟಿನ ಕೀಲಿ ಮಾಲೀಕನ ಸೊಂಟದಲ್ಲಿತ್ತು. ಅವನು ಬರುವ ಮಾತಿರಲಿಲ್ಲ. ಮುದುಕಿಗೂ ಅದು ಗೊತ್ತಿತ್ತು. ಅದಕ್ಕೇ ಆಸೆಯನ್ನು ಸಣ್ಣದು ಮಾಡಿಕೊಂಡಿದ್ದಳು: “ಅಂವನ ದನಿ ಒಂದು ಸಲ ಕಿವಿಗೆ ಬಿದ್ರೆ ಸಾಕಿತ್ತು. ಮತ್ತೆ ನಾ ಹೋತೆ.”

ದುರ್ಗ ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದ. ಆ ಕಾಲದಲ್ಲಿ ಗಲ್ಫಿಗೆ ಹೋದವರೆಲ್ಲ ಹಾಗೆ ಕಳಿಸುತ್ತಿದ್ದರು. ಮಾಸ್ತಿ ಆ ಕ್ಯಾಸೆಟ್ಟನ್ನು ಹಾರ್ನಿಗೆ ಕೊಟ್ಟು, ಹಾರ್ನನ್ನು ಅಬ್ಬೆಯ ಕಿವಿಗೇ ಇಟ್ಟು ನೋಡಿದ್ದ. ಹೆಬಳೆಯಿಂದ ಹೆದ್ದಾರಿಯವರೆಗೂ ದುರ್ಗನ ಮೂಲವ್ಯಾಧಿಯ ಸುದ್ದಿ ಎಲ್ಲರಿಗೂ ಕೇಳಿತು, ಅಬ್ಬೆಗೆ ಕೇಳಲಿಲ್ಲ. ಆದರೆ ಗುಡುಗಿದರೆ, ಅಂಗಳದ ಆಚೆ ಲಾರಿ ಹೋದರೆ, ಅವಳು ಮಂಚದ ಮೇಲೆ ಕೈಯಿಟ್ಟು “ಎಂತದೋ ಕೇಳ್ತು” ಅನ್ನುತ್ತಿದ್ದಳು. ಇದನ್ನು ಮಾಸ್ತಿ ಎರಡು ತಿಂಗಳ ಹಿಂದೆ ಅಣ್ಣನಿಗೆ ಬರೆದಿದ್ದ: ಅಬ್ಬೆಗೆ ಮಾತು ಕೇಳುವುದಿಲ್ಲ, ಗುಡುಗು ಕೇಳುತ್ತದೆ.

ದುರ್ಗ ಅಂಗಡಿಗೆ ಹೋಗಿ ಗುಡುಗನ್ನೇ ಕೇಳಿರಬೇಕು. ಡಾಕ್ಟರು ಹೋದ ಮೂರನೆಯ ದಿನ, ಗಲ್ಫಿನಿಂದ ರಜೆಗೆ ಬಂದ ಭಟ್ಕಳದ ನವಾಯತ ಮುಸ್ಲಿಮರೊಬ್ಬರ ಕೈಯಲ್ಲಿ ಒಂದು ರಟ್ಟಿನ ಡಬ್ಬ ಬಂತು. ಒಳಗೆ ಅಕ್ಕಿ ಕೇರುವ ಗೆರಸಿಯಷ್ಟಗಲದ ಸ್ಪೀಕರು, ಒಂದು ಕ್ಯಾಸೆಟ್ಟು, ಖಾಲಿ ಜಾಗ ತುಂಬುವುದಕ್ಕೆಂದು ಆರು ಪರಿಮಳದ ಸಾಬೂನು. ಮಾಸ್ತಿ ಡಬ್ಬವನ್ನು ಅಬ್ಬೆಯ ಮಂಚದ ಮೇಲೆಯೇ ಬಿಚ್ಚಿದ.

ಮುದುಕಿ ಮೂಗು ಅರಳಿಸಿದಳು. ಪ್ರತಿ ಸಲ ಕ್ಯಾಸೆಟ್ಟಿನ ಸಂಗಡ ಬರುತ್ತಿದ್ದ ಆ ಸಾಬೂನಿನ ವಾಸನೆ ಅವಳ ಲೆಕ್ಕದಲ್ಲಿ ಒಬ್ಬ ಮನುಷ್ಯನಿಗೆ ಸೇರಿದ್ದು.

“ದುರ್ಗ ಬಂದ್ನನಾ?”

ದನಿ ಬಂದಿದೆ, ಕ್ಯಾಸೆಟ್ಟಿನಲ್ಲಿ ಬಂದಿದೆ, ಎಂದು ಹೇಳುವುದಕ್ಕೆ ಆ ಕಾಯಿದೆಯಲ್ಲಿ ಜಾಗವಿರಲಿಲ್ಲ. ಇದ್ದದ್ದು ಎರಡೇ. ಐದು ದಿನ ಉಳಿದಿರುವ ಅಬ್ಬೆಯ ಅಂಗೈಯನ್ನು ಎರಡು ಸಲ ಅದುಮುವ ಗಂಡಸು ಮಾಸ್ತಿ ಆಗಿರಲಿಲ್ಲ. ಒಮ್ಮೆ ಅದುಮಿದ.

ಕಿವುಡರು ಮೆಲ್ಲಗೆ ಮಾತಾಡುವುದಿಲ್ಲ. “ದುರ್ಗ ಬಂದ” ಎಂದು ಹೊನ್ನಮ್ಮ ಹೇಳಿದ್ದು ಮೂರು ಮನೆಯಾಚೆ ಮೀನು ಒಣಗಿಸುತ್ತಿದ್ದ ಬಂಗಾರಿಗೆ ಕೇಳಿತು. ಬಂಗಾರಿ ಕೈ ತೊಳೆಯದೇ ಓಡಿ ಬಂದಳು.

“ಎಲ್ಲಿ ಅಂವ? ಬಚ್ಚಲಲ್ಲಿ ಇದ್ನನಾ?”

“ಬಂಗಾರಕ್ಕ, ಅವನ ದನಿ ಬಂದದ್ದು” ಎಂದ ಮಾಸ್ತಿ.

“ದನಿ ಮುಂದೆ ಕಳ್ಸಿ ತಾ ಹಿಂದಿಂದ ಬತ್ನನಾ? ದೊಡ್ಡ ಮನುಷ್ಯ ಆದ ಬಿಡು.” ಬಂಗಾರಿ ಅಡುಗೆಮನೆ ನೋಡಿದಳು, ಅಟ್ಟ ನೋಡಿದಳು, ಸಾಬೂನು ಮೂಸಿದಳು. “ಒಂಬತ್ತು ವರ್ಷದ ಹಿಂದೆ ನಂಗೊಂದು ಬ್ಯಾಟರಿ ತಂದ್ಕೊಡ್ತೆ ಅಂದಿದ್ದ. ನೆನಪು ಮಾಡು. ಎರಡು ಸೆಲ್ಲಿಂದಲ್ಲ, ಮೂರು ಸೆಲ್ಲಿಂದು.”

“ಆತು” ಎಂದ ಮಾಸ್ತಿ. ಆತು ಎಂದದ್ದರಿಂದ ದುರ್ಗ ಬಂದದ್ದು ಖಾತ್ರಿಯಾಯಿತು. ಬಂಗಾರಿಯ ಮೀನುಬುಟ್ಟಿಯ ಸಂಗಡ ಸುದ್ದಿ ಸಂತೆಗೆ ಹೋಯಿತು. ಮಾರನೇ ದಿನ ಬೆಳಿಗ್ಗೆ ಕಸ್ಟಮ್ಸಿನ ಜವಾನನೊಬ್ಬ ಸೈಕಲ್ಲಿನ ಮೇಲೆ ಬಂದಿಳಿದ.

“ಶಾರ್ಜಾದಿಂದ ಬಂದವ ಎಲ್ಲಿ?”

“ಶಾರ್ಜಾದಲ್ಲೇ ಇದ್ದಾನೆ, ಸಾಹೇಬ್ರೆ.”

“ಬಂದಿದ್ದಾನೆ ಅಂತ ಸಂತೆಯೆಲ್ಲ ಹೇಳ್ತದೆ. ಯಾವ ದೋಣಿಯಲ್ಲಿ ಇಳಿದ? ಎಲ್ಲಿ ಇಳಿದ?”

“ದನಿ ಮಾತ್ರ ಬಂದದ್ದು.”

“ದನಿಗೆ ರಸೀದಿ ಉಂಟಾ?”

ಅಷ್ಟರಲ್ಲಿ ಒಳಗಿನಿಂದ ಹೊನ್ನಮ್ಮನ ಕೂಗು ಕೇಳಿತು: “ದುರ್ಗ ಎಂತಕೆ ನನ್ನ ಹತ್ರ ಬತ್ತಿಲ್ಲ? ಅಂವಂಗೆ ನನ್ನ ಮೇಲೆ ಸಿಟ್ಟನಾ?”

ಜವಾನ ಮಾಸ್ತಿಯ ಮುಖ ನೋಡಿದ. ಸಾಕ್ಷಿ ಒಳಗಿತ್ತು, ಸಾಕ್ಷಿಯನ್ನು ವಿಚಾರಿಸುವ ದಾರಿ ಇರಲಿಲ್ಲ. ಅವನು ಅಟ್ಟ ಹತ್ತಿದ, ಬಾವಿಗೆ ಬಗ್ಗಿದ, ಸ್ಪೀಕರನ್ನು ಎತ್ತಿ ತೂಕ ನೋಡಿದ, ಬಂಗಾರ ತುಂಬಿದೆಯೋ ಎಂದು ಅಯಸ್ಕಾಂತಕ್ಕೆ ಬೆರಳು ಬಡಿದ. ಕೊನೆಗೆ ಎರಡು ಸಾಬೂನನ್ನು ತಪಾಸಣೆಗೆಂದು ಕಿಸೆಗೆ ಹಾಕಿಕೊಂಡು, “ಬಂದರೆ ತಿಳಿಸು” ಎಂದು ಹೋದ.

ಮಾಸ್ತಿ ಅಬ್ಬೆಯ ಬಳಿ ಕೂತ. ಸಿಟ್ಟೋ ಎಂದು ಅವಳು ಮತ್ತೆ ಕೇಳಿದಳು. ಮಂಜಿ ಗಂಡನ ಕೈ ಹಿಡಿದು ಬಲವಂತವಾಗಿ ಎರಡು ಸಲ ಅದುಮಿಸಿದಳು. ಸಿಟ್ಟಿಲ್ಲ.

“ಹಂಗಾರೆ ಎಂತಕೆ ಮಾತಾಡೂದಿಲ್ಲ?”

ಎಂತಕೆ ಎಂಬುದಕ್ಕೆ ಅಂಗೈಯಲ್ಲಿ ಉತ್ತರವಿಲ್ಲ. ದುರ್ಗನನ್ನು ಮಾತಾಡಿಸಲೇಬೇಕು, ಅದೂ ಬೇಗ. ಮುದುಕಿ ಅವತ್ತು ಗಂಜಿಯನ್ನು ದೂಡಿಬಿಟ್ಟಿದ್ದಳು.

ಗುಡುಗುವ ಸ್ಪೀಕರಿಗೆ ಪೆಟ್ಟಿಗೆ ಬೇಕು. ಮನೆಯಲ್ಲಿ ಗಟ್ಟಿಮುಟ್ಟಾದ ಪೆಟ್ಟಿಗೆ ಒಂದೇ, ಹಲಸಿನ ಮರದ ಅಕ್ಕಿ ಪೆಟ್ಟಿಗೆ. ಅದರ ಹೊಟ್ಟೆಗೆ ಮಾಸ್ತಿ ಗರಗಸ ಹಾಕಿದಾಗ ಮಂಜಿ ಅಕ್ಕಿಯನ್ನು ಕೊಡಪಾನಕ್ಕೆ ಸುರಿಯುತ್ತ ಕೇಳಿದಳು: “ನಾಳೆಯಿಂದ ಅಕ್ಕಿ ಎಲ್ಲಿ ಇಡೂದು?” ಅದಕ್ಕೂ ಅವನು “ಆತು” ಅಂದ.

ತೊಡಕು ಇದ್ದದ್ದು ಸ್ಪೀಕರಿನ ಬೆನ್ನಿನಲ್ಲಿ. ಮಾಸ್ತಿ ಹುಟ್ಟಿದಾಗಿನಿಂದ ಕಂಡ ಸ್ಪೀಕರಿಗೆಲ್ಲ ತಂತಿ ಸಿಕ್ಕಿಸುವ ಮೊಳೆ ಎರಡು. ಇದಕ್ಕೆ ನಾಲ್ಕು: ಎರಡು ಕೆಂಪು, ಎರಡು ಕಪ್ಪು. ಒಳಗೆ ತಂತಿಯ ಸುರುಳಿ ಒಂದಲ್ಲ, ಎರಡು. ಜಗತ್ತಿನಲ್ಲಿ ಎಲ್ಲವೂ ದುಬಾರಿಯಾದಂತೆ ಇದೂ ಇಮ್ಮಡಿಯಾಗಿದೆ ಎಂದು ಮಾಸ್ತಿ ಅಂದುಕೊಂಡ.

ಶಾಲೆಯಲ್ಲಿ ವಿಜ್ಞಾನ ಕಲಿಸುವ ಕೃಷ್ಣಾನಂದ ಮಾಸ್ತರು ಬಂದರು. ಕರೆದಿರಲಿಲ್ಲ, ದುರ್ಗನನ್ನು ನೋಡಲು ಬಂದವರು. ಸ್ಪೀಕರು ನೋಡಿ ದುರ್ಗನನ್ನು ಮರೆತರು. ಜೊತೆಯ ಚೀಟಿ ಓದಿದರು, ಆಂಪ್ಲಿಫೈಯರಿನ ಬೆನ್ನು ಓದಿದರು.

“ನಿನ್ನ ಆಂಪ್ಲಿಫೈಯರು ಎಂಟು ಓಮಿಗೆ ಮಾಡಿದ್ದು. ಇಲ್ಲಿ ಒಂದೊಂದು ಸುರುಳಿ ನಾಲ್ಕು ಓಮು. ಒಂದರ ಹಿಂದೊಂದು ಕಟ್ಟು. ಅದಕ್ಕೆ ಸೀರೀಸ್ ಅಂತಾರೆ. ನಾಲ್ಕು ಮತ್ತು ನಾಲ್ಕು ಎಂಟು. ಸರಿಹೋಯಿತು.”

“ಆತು, ಮಾಸ್ತರೆ.”

ಕರೆಂಟಿನ ಲೈನ್‌ಮನ್ ತಿಮ್ಮಪ್ಪ ಬಾಗಿಲಲ್ಲೇ ನಿಂತು ನಕ್ಕ. ಅವನೂ ದುರ್ಗನನ್ನು ನೋಡಲು ಬಂದವ. “ಹೋಯ್ ಮಾಸ್ತಿ, ನಿನ್ನ ಮನೆ ಬಲ್ಬು ನಾ ಕಟ್ಟಿದ್ದು. ಒಂದರ ಹಿಂದೊಂದು ಕಟ್ಟಿದ್ನನಾ? ಪಕ್ಕಪಕ್ಕ ಕಟ್ಟೂದು ಮಾರಾಯ. ಪ್ಯಾರಲಲ್. ಹಿಂದೊಂದು ಕಟ್ಟಿದ್ರೆ ಒಂದು ಹೋದ್ರೆ ಎಲ್ಲ ಹೋತದೆ.”

“ಪಕ್ಕಪಕ್ಕ ಕಟ್ಟಿದರೆ ಎರಡೇ ಓಮು ಆಗ್ತದೆ” ಎಂದರು ಮಾಸ್ತರು. “ತಡೆ ಸಾಲದೆ ಆಂಪ್ಲಿಫೈಯರು ಸುಟ್ಟುಹೋಗ್ತದೆ.”

“ಮಾಸ್ತರೆ, ನೀವು ಕರೆಂಟನ್ನು ಹಲಗೆ ಮೇಲೆ ಬರದ್ದು. ನಾ ಕಂಬದ ಮೇಲೆ ಕಂಡದ್ದು.”

“ಆತು, ತಿಮ್ಮಪ್ಪಣ್ಣ” ಎಂದ ಮಾಸ್ತಿ.

ಮೊದಲು ಬಂದವರು ಮಾಸ್ತರಾದ್ದರಿಂದ ಮೊದಲು ಅವರ ಕ್ರಮ ಮಾಡಿದ್ದಾಯಿತು. ಒಂದು ಸುರುಳಿಯ ಕಪ್ಪನ್ನು ಇನ್ನೊಂದರ ಕೆಂಪಿಗೆ ಕೂಡಿಸು ಎಂದು ಹೇಳಿ ಮಾಸ್ತರು ಶಾಲೆಯ ಗಂಟೆ ಬಾರಿಸಲು ಹೋದರು. ಮಾಸ್ತಿ ಯೋಚಿಸಿದ. ಕಪ್ಪನ್ನು ಕೆಂಪಿಗೆ ಕೂಡಿಸುವುದು ಅವನ ಮನಸ್ಸಿಗೆ ಬರಲಿಲ್ಲ. ಸಂಬಂಧ ಮಾಡುವಾಗ ತಮ್ಮತಮ್ಮೊಳಗೆ ನೋಡಿ ಮಾಡುವುದು ಎಲ್ಲ ಕಡೆ ಇರುವ ಪದ್ಧತಿ. ಕಪ್ಪಿಗೆ ಕಪ್ಪು ಕೂಡಿಸಿದ, ಉಳಿದ ಎರಡು ಕೆಂಪಿನಿಂದ ಆಂಪ್ಲಿಫೈಯರಿಗೆ ತಂತಿ ಎಳೆದ, ಕ್ಯಾಸೆಟ್ಟು ತಿರುಗಿಸಿದ.

ಏನೂ ಕೇಳಲಿಲ್ಲ. ದೋಣಿಯಲ್ಲಿ ಇಬ್ಬರು ಕೂತು ಒಬ್ಬ ಮುಂದಕ್ಕೆ, ಒಬ್ಬ ಹಿಂದಕ್ಕೆ ಹುಟ್ಟು ಹಾಕಿದರೆ ಏನಾಗುತ್ತದೋ ಅದೇ ಆಗಿತ್ತು: ಎರಡು ಸುರುಳಿಯೂ ಬಲ ಹಾಕಿ ಎದುರುಬದುರು ಎಳೆಯುತ್ತಿದ್ದವು, ಸ್ಪೀಕರು ಇದ್ದಲ್ಲೇ ಇತ್ತು. ಹೊನ್ನಮ್ಮ ಪೆಟ್ಟಿಗೆಯ ಮೇಲೆ ಇಟ್ಟ ಕೈಯನ್ನು ತೆಗೆದಳು.

“ಅಂವ ನನ್ನ ಸಂಗಡ ಮಾತಾಡೂದಿಲ್ಲ. ಆತು ಬಿಡು.”

ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಉಸಿರು ಎಣಿಸುವ ಹಾಗಾಗಿತ್ತು. ಆರನೆಯ ದಿನ.

“ಕಂಡ್ಯಾ?” ಎಂದ ತಿಮ್ಮಪ್ಪ. ಮಾಸ್ತರು ಶಾಲೆ ಬಿಟ್ಟು ಬಂದು, ನನ್ನ ಕ್ರಮ ತಪ್ಪಲು ಸಾಧ್ಯವಿಲ್ಲ ಎಂದರು. ಮಾತಿಗೆ ಮಾತು ಬೆಳೆಯಿತು. ಬಂಗಾರಿ ನಡುವೆ ಬಂದಳು: “ಮುದುಕಿ ಜೀವ ಹೋತೇ ಉಂಟು, ನಿಮ್ಮದು ತಂತಿ ಜಗಳ. ಜಟಗನ ಹತ್ರ ಕೇಳಿ.”

ಊರಿನಲ್ಲಿ ಹೆಣ್ಣು ಗಂಡಿನ ಸಂಬಂಧ, ಹೊಸ ಬಾವಿಯ ಜಾಗ, ಏನೇ ಇದ್ದರೂ ಜಟಗ ದೇವರ ಗುಡಿಯಲ್ಲಿ ಪ್ರಸಾದ ಕೇಳಿಯೇ ತೀರ್ಮಾನ. ದೇವರ ಕಲ್ಲಿಗೆ ನೀರು ಹನಿಸಿ ಎಡಬಲಕ್ಕೆ ಅಡಿಕೆ ಸಿಂಗಾರದ ಎಸಳು ಅಂಟಿಸುತ್ತಾರೆ. ಬಲದ ಎಸಳು ಬಿದ್ದರೆ ದೇವರು ಹೌದೆಂದ, ಎಡದ್ದು ಬಿದ್ದರೆ ಬೇಡವೆಂದ. ವಿಜ್ಞಾನದ ಮಾಸ್ತರು ಒಪ್ಪಲಾರರು ಎಂದು ಎಲ್ಲರೂ ಎಣಿಸಿದ್ದರು. ಆದರೆ ಅವರ ಮದುವೆಯೂ ಅಲ್ಲೇ ಕೇಳಿ ಆದದ್ದು. ಸುಮ್ಮನೆ ಹಿಂದಿನಿಂದ ಬಂದರು.

ಪೂಜೆ ಮಾಡುವ ಗುನಗ ಬೀರಪ್ಪ ಎಸಳು ಅಂಟಿಸಿ, “ಕೇಳು” ಎಂದ.

ಮಾಸ್ತಿ ಕೈಮುಗಿದ. ಒಂದು ಕಡೆ ಮಾಸ್ತರು, ಒಂದು ಕಡೆ ತಿಮ್ಮಪ್ಪ. ಯಾರ ಹೆಸರು ಮೊದಲು ತೆಗೆದರೂ ಇನ್ನೊಬ್ಬರಿಗೆ ಬೇಸರ. ಒಂದೇ ಉಸಿರಿನಲ್ಲಿ ಹೇಳಿಬಿಟ್ಟ: “ಅಪ್ಪಾ ಜಟಗಾ, ಒಂದರ ಹಿಂದೊಂದು ಕಟ್ಟೂದೋ, ಪಕ್ಕಪಕ್ಕ ಕಟ್ಟೂದೋ?”

ಬಲದ ಎಸಳು ಬಿತ್ತು. ದೇವರು ಹೌದೆಂದ.

ಎಲ್ಲರೂ ಬಿದ್ದ ಎಸಳನ್ನು ನೋಡಿದರು.

“ಒಂದರ ಹಿಂದೊಂದು” ಎಂದರು ಮಾಸ್ತರು.

“ಪಕ್ಕಪಕ್ಕ” ಎಂದ ತಿಮ್ಮಪ್ಪ.

“ಇನ್ನೊಂದು ಸಲ ಕೇಳ್ವ” ಎಂದ ಮಾಸ್ತಿ.

ಬೀರಪ್ಪ ತಟ್ಟೆ ಎತ್ತಿಕೊಂಡ. “ಒಂದೇ ಸಂಗತಿ ಒಂದೇ ದಿನ ಎರಡು ಸಲ ಕೇಳುಕಾಗ. ನೀ ಕೇಳೂದು ನಿನ್ನ ತಲೆಯ ಹಾಂಗೇ ಉಂಟು. ಆದ್ರೂ ದೇವರು ಉತ್ತರ ಕೊಟ್ಟ. ಅದು ದೊಡ್ಡದು.”

ಕೊನೆಗೆ ತೀರ್ಮಾನ ಆದದ್ದು ಜಗತ್ತಿನಲ್ಲಿ ಎಲ್ಲ ತೀರ್ಮಾನ ಆಗುವ ರೀತಿಯಲ್ಲಿ. ಬೇಸಿಗೆಯಲ್ಲಿ ದಿನವೂ ಕರೆಂಟು ತೆಗೆಯುತ್ತಿದ್ದರು. ಲೈನ್‌ಮನ್ ಮುನಿಸಿಕೊಂಡರೆ ಈ ಕೇರಿಗೆ ಕರೆಂಟೇ ಬರಲಿಕ್ಕಿಲ್ಲ. ಮಾಸ್ತರು ಮುನಿಸಿಕೊಂಡರೆ ಅಂಥ ನಷ್ಟವಿಲ್ಲ. ಮಾಸ್ತಿ ತಿಮ್ಮಪ್ಪನ ಮುಖ ನೋಡಿ “ಪಕ್ಕಪಕ್ಕವೇ ಆತು” ಎಂದ. ತಿಮ್ಮಪ್ಪ ಅವನ ಬೆನ್ನು ತಟ್ಟಿದ: “ನಾಳೆ ನಿನ್ನ ಅಬ್ಬೆ ಕೇಳಿ ಮುಗಿಸುವವರೆಗೆ ಕರೆಂಟು ಹೋಗೂದಿಲ್ಲ. ಅದು ನಂಗೆ ಬಿಡು.”

ಮಾರನೇ ದಿನ ಮಧ್ಯಾಹ್ನ ಎರಡು ಗಂಟೆಗೆ, ಅಕ್ಕಿ ಪೆಟ್ಟಿಗೆಯನ್ನು ಮಂಚಕ್ಕೆ ತಾಗಿಸಿ, ಮುದುಕಿಯ ಕೈಯನ್ನು ಪೆಟ್ಟಿಗೆಯ ಮೇಲಿಟ್ಟು, ಮಾಸ್ತಿ ಕ್ಯಾಸೆಟ್ಟು ತಿರುಗಿಸಿದ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು, ಎರಡು ಸುರುಳಿಯೂ ಪಕ್ಕಪಕ್ಕ. ದನಿಯನ್ನು ತುದಿಗೆ ಏರಿಸಿದ.

“ಅಬ್ಬೇ” ಎಂದ ದುರ್ಗ.

ಗೋಡೆಯ ದೇವರ ಪಟ ಅಲುಗಿತು. ಕೊಡಪಾನದ ಅಕ್ಕಿ ಜರುಗಿತು. ಮುದುಕಿಯ ಕಣ್ಣು ದೊಡ್ಡದಾಯಿತು. “ನಾನು ದುರ್...” ಎಂಬಲ್ಲಿಗೆ ಆಂಪ್ಲಿಫೈಯರಿನ ಒಳಗೆ ಏನೋ ಸಿಡಿಯಿತು. ಹೊಗೆಯೊಂದು ಎಳೆ ಮೇಲೆ ಬಂತು. ಮಾತು ನಿಂತಿತು. ಆಮೇಲೆ ಅಕ್ಕಿ ಪೆಟ್ಟಿಗೆಯಿಂದ ಹೊರಟದ್ದು ಒಂದೇ ಸಮನೆ ದಪ್ಪ ಗೊರಗುಟ್ಟುವಿಕೆ. ಸುಟ್ಟ ಆಂಪ್ಲಿಫೈಯರು ಕರೆಂಟನ್ನೇ ನೇರ ಸ್ಪೀಕರಿಗೆ ಹರಿಸಿ ಮಂಚದ ಕಾಲಿನವರೆಗೆ ನಡುಗಿಸುತ್ತಿತ್ತು.

“ಎರಡು ಓಮು” ಎಂದರು ಮಾಸ್ತರು, ಯಾರಿಗೂ ಅಲ್ಲ.

ಮಾಸ್ತಿಯ ಕಸುಬು ಹೊಗೆಯಾಗಿ ಅಟ್ಟಕ್ಕೆ ಹೋಗುತ್ತಿತ್ತು. ಅವನು ಸ್ವಿಚ್ಚಿಗೆ ಕೈ ಚಾಚಿದ. ಆಗ ಹೊನ್ನಮ್ಮ ನಕ್ಕಳು.

ಅವಳು ಎರಡೂ ಅಂಗೈಯನ್ನು ಪೆಟ್ಟಿಗೆಯ ಮೇಲೆ ಹಾಸಿದ್ದಳು. ದುರ್ಗನ ಗೊರಕೆ ಈ ಕರಾವಳಿಯಲ್ಲಿ ಹೆಸರಾದದ್ದು. ಸಣ್ಣವನಿದ್ದಾಗ ದೋಣಿಯಲ್ಲಿ ಮಲಗಿದರೆ ಮೀನು ದೂರ ಹೋಗುತ್ತದೆಂದು ಅಪ್ಪ ಅವನನ್ನು ನೀರು ಚಿಮುಕಿಸಿ ಎಬ್ಬಿಸುತ್ತಿದ್ದ.

“ಮಲಗಿದ್ದ” ಎಂದಳು ಹೊನ್ನಮ್ಮ. “ದಣಿದಿದ್ದ. ಅದಕ್ಕೇ ಮಾತಾಡ್ಲಿಲ್ಲ. ಯಾರೂ ಎಬ್ಬಿಸಬೇಡಿ.”

“ಬಂದ್ ಮಾಡು, ಮಾಸ್ತಿ” ಎಂದರು ಮಾಸ್ತರು. “ಮನೆಗೆ ಬೆಂಕಿ ಹತ್ತುತ್ತದೆ.”

“ಬಂದ್ ಮಾಡು ಮಾರಾಯ” ಎಂದ ತಿಮ್ಮಪ್ಪನೂ. ಆ ಎರಡು ದಿನದಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ಮಾತು.

“ಇಲ್ಲ” ಎಂದ ಮಾಸ್ತಿ.

ಎಲ್ಲರೂ ಅವನನ್ನು ನೋಡಿದರು. ಮಂಜಿಯಂತೂ ಹದಿನಾಲ್ಕು ವರ್ಷದ ಸಂಸಾರದಲ್ಲಿ ಈ ಶಬ್ದವನ್ನು ಅವನ ಬಾಯಿಂದ ಮೊದಲ ಸಲ ಕೇಳಿದಳು. ಅವಳೇ ಎದ್ದು ಗೋಣಿಚೀಲ ನೆನೆಸಿ ಕೈಯಲ್ಲಿ ಹಿಡಿದು, ಗೆರಸಿಯಿಂದ ಹೊಗೆಯನ್ನು ಬಾಗಿಲಿಗೆ ಬೀಸುತ್ತ ನಿಂತಳು.

ಮುಂದಿನ ಎರಡು ಗಂಟೆ ಆ ಮನೆಯಲ್ಲಿ ಯಾರೂ ಜೋರಾಗಿ ಉಸಿರಾಡಲಿಲ್ಲ. ಕಿವಿ ಕೇಳದ ಮುದುಕಿಗಾಗಿ, ಊರಲ್ಲಿಲ್ಲದ ಮಗನ ನಿದ್ದೆ ಕೆಡಬಾರದೆಂದು, ಬಂದವರು ಚಪ್ಪಲಿ ಕೈಯಲ್ಲಿ ಹಿಡಿದು ತುದಿಗಾಲಲ್ಲಿ ನಡೆದರು. ಬಂಗಾರಿ ಬ್ಯಾಟರಿಯ ಮಾತನ್ನು ಪಿಸುಗುಟ್ಟಿ ಕೇಳಿದಳು. ಕಸ್ಟಮ್ಸಿನ ಜವಾನ ಮತ್ತೆ ಬಂದವನು ಗೊರಕೆ ಕೇಳಿ ಹೊಸ್ತಿಲಲ್ಲೇ ನಿಂತ. “ಹಾಗಾದರೆ ಬಂದದ್ದು ಹೌದು” ಎಂದ ಮೆಲ್ಲಗೆ. ಮಂಜಿ ತುಟಿಗೆ ಬೆರಳಿಟ್ಟು ಪೆಟ್ಟಿಗೆ ತೋರಿಸಿದಳು. ಅವನು ಮುದುಕಿಯ ಮುಖ ನೋಡಿದ, ಟೋಪಿ ತೆಗೆದ, ಉಳಿದ ಸಾಬೂನಿನ ಪಕ್ಕದಲ್ಲಿ ಮೊನ್ನೆಯ ಎರಡನ್ನೂ ಇಟ್ಟು ಹೋದ. ಒಂದು ಸ್ವಲ್ಪ ಸವೆದಿತ್ತು.

ನಾಲ್ಕು ಹೊಡೆಯುವಾಗ ಕರೆಂಟು ಹೋಯಿತು.

ಎಲ್ಲರೂ ತಿಮ್ಮಪ್ಪನನ್ನು ನೋಡಿದರು. ಅವನು ನೆಲ ನೋಡಿದ. “ಅದು ಕುಮಟೆಯಿಂದ ತೆಗೆಯೂದು” ಎಂದ. “ನನ್ನ ಕೈಯಲ್ಲಿ ಎಂತದೂ ಇಲ್ಲ.”

ಪೆಟ್ಟಿಗೆ ತಣ್ಣಗಾಯಿತು. ಹೊನ್ನಮ್ಮ ಕೈಯನ್ನು ಅತ್ತಿತ್ತ ಸರಿಸಿ ಹುಡುಕಿದಳು. ಮಾಸ್ತಿ ಕಣ್ಣು ಮುಚ್ಚಿಕೊಂಡ.

“ಎದ್ದ” ಎಂದಳು ಅವಳು. “ಮಂಜೀ, ದುರ್ಗಂಗೆ ಚಾ ಮಾಡು. ಸಕ್ಕರೆ ಎರಡು ಚಮಚ ಹಾಕು, ಅಂವಂಗೆ ಸಿಹಿ ಬೇಕು.”

ಮಂಜಿ ಮಾಡಿದಳು. ಚಾ ಬಂತು, ಕುಡಿಯುವವನು ಬೇಕಾಯಿತು. ಮುದುಕಿ ಬಟ್ಟಲನ್ನು ತಾನೇ ಹಿಡಿದು ಪೆಟ್ಟಿಗೆಯ ಕಡೆ ಚಾಚಿ ಕಾದಳು. ಮಾಸ್ತಿ ಸದ್ದಿಲ್ಲದೆ ಪೆಟ್ಟಿಗೆಯ ಮೇಲೆ ಕೂತ, ಬಟ್ಟಲು ತೆಗೆದುಕೊಂಡ, ಕುಡಿದ. ಅವನಿಗೆ ಸಿಹಿ ಆಗುತ್ತಿರಲಿಲ್ಲ.

ಹೊನ್ನಮ್ಮ ಕೈ ಚಾಚಿದಳು. ಬಲಗೈ ಕೊಟ್ಟರೆ ಹೆಬ್ಬೆಟ್ಟಿನ ಗಂಟು ಹೇಳಿಬಿಡುತ್ತದೆ. ಅವನು ಎಡಗೈ ಕೊಟ್ಟ. ಅವಳು ಅದನ್ನು ಸವರಿದಳು, ಮೂಗಿಗೆ ಹಿಡಿದಳು. ನಾಲ್ಕು ದಿನದಿಂದ ಡಬ್ಬವನ್ನು ಎತ್ತಿ ಇಳಿಸಿದ್ದ ಕೈಗೆ ಸಾಬೂನಿನ ವಾಸನೆ ಹತ್ತಿತ್ತು.

“ನಿದ್ದೆ ಆತಾ, ಮಗಾ?”

ಮಾಸ್ತಿ ಒಮ್ಮೆ ಅದುಮಿದ.

“ಮಾಸ್ತಿ ಎಲ್ಲಿ? ಮೈಕು ಕಟ್ಟುಕೆ ಹೋದ್ನನಾ?”

ಸುಟ್ಟ ಆಂಪ್ಲಿಫೈಯರು ಅವನ ಕಾಲ ಹತ್ತಿರವೇ ಇತ್ತು. ಒಮ್ಮೆ ಅದುಮಿದ.

“ಅಂವ ಹಾಂಗೇ. ಯಾರು ಕರೆದ್ರೂ ಹೋತ. ಮನೆಯಲ್ಲಿ ಕಾಂಬುಕೆ ಸಿಕ್ಕೂದಿಲ್ಲ.” ಉಸಿರು ಬಹಳ ದೂರದಿಂದ ಬಂದು ಹೋಗುತ್ತಿತ್ತು. “ಅಂವನ್ನೂ ಒಂದು ಸಲ ಕಾಣುಕಿತ್ತು. ಅಂವ ಬರೂವರಿಗೆ ನೀ ಇಲ್ಲೇ ಇರ್ತ್ಯನಾ?”

ಮಂಜಿ ಬಾಗಿಲಿಗೆ ಮುಖ ತಿರುಗಿಸಿದಳು.

ಮಾಸ್ತಿ ಬಟ್ಟಲನ್ನು ಕೆಳಗಿಟ್ಟು, ಒಮ್ಮೆ ಅದುಮಿದ.